ಟಿಬಿ ಕಾರ್ಡಿನ ಹತ್ತು ಸಾಲು: ಒಂದು ವ್ಯಾಖ್ಯಾನ

ಕಾಯಿಲೆ ಟಿಬಿ ಎಂದು ಗೊತ್ತಾದಾಗ ರೋಗಿಯ ಕೈಗೆ ಒಂದು ಚಿಕಿತ್ಸಾ ಕಾರ್ಡು ಬರುತ್ತದೆ. ವೈದ್ಯರ ಅವಸರದ ಕೈಬರಹ, ಇಂಗ್ಲಿಷಿನ ಬಿಡಿ ಅಕ್ಷರಗಳು, ಒಂದಿಷ್ಟು ಅಂಕಿ. ಬಿಡಿಸಿ ಹೇಳುವವರಿಲ್ಲದೆ ಎಷ್ಟೋ ಮನೆಗಳಲ್ಲಿ ಅದು ಗೋಡೆಯ ಕ್ಯಾಲೆಂಡರಿನ ಹಿಂದೆ ಸಿಕ್ಕಿಕೊಂಡೇ ಆರು ತಿಂಗಳು ಕಳೆಯುತ್ತದೆ. ಅಂಥ ಕಾರ್ಡಿನಲ್ಲಿ ಇರುವ, ಇರಬೇಕಾದ ವಿವರಗಳನ್ನು ಹತ್ತು ಸಾಲಿಗೆ ಇಳಿಸಿ, ಒಂದೊಂದಾಗಿ ಬಿಡಿಸಿಡುತ್ತೇನೆ. ರೋಗಿ ಕಲ್ಪಿತ: 38ರ ಹರೆಯದ ಕೂಲಿ ಕೆಲಸಗಾರ ಎಂದಿಟ್ಟುಕೊಳ್ಳಿ. ಅವನ ತೂಕ, ಸಕ್ಕರೆಯ ಅಂಕಿಗಳು ಮಾದರಿಗೆ. ಔಷಧ, ಪರೀಕ್ಷೆ, ನಿಯಮಗಳು ಮಾತ್ರ ಇವತ್ತು ನಮ್ಮ ದೇಶದಲ್ಲಿ ಜಾರಿಯಲ್ಲಿರುವಂಥವೇ. ಈ ಹತ್ತರಲ್ಲಿ ಮಾತ್ರೆಗೆ ಮೀಸಲಾದ ಸಾಲು ಒಂದೇ ಒಂದು. ಉಳಿದ ಒಂಬತ್ತೂ ಆ ಮಾತ್ರೆ ತನ್ನ ಕೆಲಸ ಮಾಡಲು ಬೇಕಾದ ಏರ್ಪಾಡು. ಟಿಬಿ ಚಿಕಿತ್ಸೆ ಕೆಡುವುದು ಹೆಚ್ಚಾಗಿ ಈ ಒಂಬತ್ತರಲ್ಲಿ.

ಸಾಲು 1: ಕೆಮ್ಮು 7 ವಾರ. ಸಂಜೆ ಜ್ವರ. ಊಟ ಸೇರದು.

ಎರಡು ವಾರ ದಾಟಿದ ಕೆಮ್ಮಿಗೆ ಕಫ ಪರೀಕ್ಷೆ ಆಗಲೇಬೇಕು ಎಂಬುದು ನಿಯಮ. ಜೊತೆಗೆ ಸಂಜೆಯಾದರೆ ಮೈ ಬಿಸಿ, ರಾತ್ರಿ ಬೆವರು, ಇಳಿಯುತ್ತಿರುವ ತೂಕ, ಕಫದಲ್ಲಿ ರಕ್ತ ಇದ್ದರಂತೂ ಒಂದು ದಿನವೂ ಕಾಯುವಂತಿಲ್ಲ. ಈ ಮನುಷ್ಯ ಐದು ವಾರ ತಡವಾಗಿದ್ದಾನೆ. ಆ ಐದು ವಾರ ಎಲ್ಲಿ ಹೋದವು? ಹೆಚ್ಚಿನವರ ಕಥೆ ಒಂದೇ ಥರ. ಮೊದಲು ಮೆಡಿಕಲ್ ಶಾಪಿನ ಸಿರಪ್ಪು. ಆಮೇಲೆ ಹತ್ತಿರದ ಕ್ಲಿನಿಕ್ಕಿನಲ್ಲಿ ಒಂದು ಇಂಜೆಕ್ಷನ್ನು, ಐದು ದಿನದ ಆಂಟಿಬಯಾಟಿಕ್ಕು. ಎರಡು ದಿನ ಇಳಿದಂತೆ ಕಂಡು ಮತ್ತೆ ಶುರುವಾದ ಕೆಮ್ಮಿಗೆ ಇನ್ನೊಂದು ಬಾಟಲಿ. ಕೆಲವು ಆಂಟಿಬಯಾಟಿಕ್ಕುಗಳು ಟಿಬಿ ಕ್ರಿಮಿಯನ್ನು ಅರೆಬರೆ ಅದುಮಿ, ಕಾಯಿಲೆ ಪತ್ತೆಯಾಗುವುದನ್ನೇ ಮುಂದೂಡುತ್ತವೆ.

‘ಜನಕ್ಕೆ ತಿಳಿವಳಿಕೆ ಇಲ್ಲ’ ಎಂದು ಕೈತೊಳೆದುಕೊಳ್ಳುವುದು ಸುಲಭ. ಆ ಮಾತಿಗೆ ನಮ್ಮ ತುಮಕೂರು ಜಿಲ್ಲೆಯ ಹಳ್ಳಿಗಳೇ ಉತ್ತರ ಕೊಟ್ಟಿವೆ. ಬೆಂಗಳೂರಿನ ಬಳ್ಳಾರಿ ರಸ್ತೆಯಲ್ಲಿರುವ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯ ಡಿ. ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ಅಲ್ಲಿನ ರೋಗಿಗಳನ್ನು ಮಾತಾಡಿಸಿ 1963ರಲ್ಲಿ ಪ್ರಕಟಿಸಿದ ಅಧ್ಯಯನ ಹೇಳಿದ್ದು ಇಷ್ಟು: ಬಹುಪಾಲು ಜನಕ್ಕೆ ತಮಗೇನೋ ಆಗಿದೆ ಎಂದು ಗೊತ್ತಿತ್ತು, ಅರ್ಧಕ್ಕಿಂತ ಹೆಚ್ಚು ಮಂದಿ ಅದಕ್ಕಾಗಿ ಚಿಕಿತ್ಸೆಯನ್ನೂ ಹುಡುಕಿಕೊಂಡು ಹೋಗಿದ್ದರು. ಹೋದವರಿಗೆ ಸಿಕ್ಕಿದ್ದು ಕೆಮ್ಮಿನ ಔಷಧದ ಬಾಟಲಿ. ರೋಗಿ ಬಂದಿದ್ದ, ಕಫ ಕೇಳುವವರು ಇರಲಿಲ್ಲ. ಟಿಬಿಗೆಂದು ಬೇರೆಯೇ ಆಸ್ಪತ್ರೆ ಕಟ್ಟಿ ಕಾಯುವ ಬದಲು, ಸಾಮಾನ್ಯ ಆಸ್ಪತ್ರೆಗೆ ಕೆಮ್ಮುತ್ತ ಬಂದವರನ್ನೇ ಪರೀಕ್ಷಿಸಬೇಕು ಎಂಬ ಜಿಲ್ಲಾ ಕಾರ್ಯಕ್ರಮದ ತಿರುಳು ರೂಪುಗೊಂಡದ್ದು ಆ ಸಂಸ್ಥೆಯ ಇಂಥ ಕೆಲಸಗಳಿಂದ. ಅರವತ್ತು ವರ್ಷ ಕಳೆದರೂ ಈ ಮೊದಲ ಸಾಲಿನ ‘7 ವಾರ’ಕ್ಕೆ ಕೌಂಟರಿನ ಈಚೆಯವರಷ್ಟೇ ಆಚೆಯವರೂ ಹೊಣೆ.

ಶಂಕೆ: ಕೆಮ್ಮೇ ಇಲ್ಲದಿದ್ದರೆ? ಸಮಾಧಾನ: ಆಗಲೂ ಟಿಬಿ ಇರಬಹುದು. 2019–21ರ ರಾಷ್ಟ್ರೀಯ ಸಮೀಕ್ಷೆಯಲ್ಲಿ ಸಿಕ್ಕ ರೋಗಿಗಳಲ್ಲಿ ನೂರಕ್ಕೆ ನಲವತ್ತಕ್ಕೂ ಹೆಚ್ಚು ಮಂದಿ, ಎದೆಯ ಎಕ್ಸ್‌ರೇ ತೆಗೆಯದೆ ಬರೀ ಲಕ್ಷಣ ಕೇಳಿ ಬಿಟ್ಟಿದ್ದರೆ ಕೈತಪ್ಪಿ ಹೋಗುತ್ತಿದ್ದರು. ಮನೆಯಲ್ಲಿ ಟಿಬಿ ಇದ್ದವರು, ಸಕ್ಕರೆ ಕಾಯಿಲೆಯವರು, ಎಚ್‌ಐವಿ ಇರುವವರು, ಕಲ್ಲುಪುಡಿಯ ದೂಳಿನಲ್ಲಿ ದುಡಿಯುವವರು ಕೆಮ್ಮಿಗಾಗಿ ಕಾಯದೆ ಎಕ್ಸ್‌ರೇ ತೆಗೆಸಿಕೊಳ್ಳಬೇಕು. ಇನ್ನು ಟಿಬಿ ಶ್ವಾಸಕೋಶಕ್ಕಷ್ಟೇ ಬರುವುದೂ ಅಲ್ಲ. ಕತ್ತಿನ ಗಂಟು, ಬೆನ್ನುಮೂಳೆ, ಮೆದುಳಿನ ಪೊರೆ, ಕರುಳು ಎಲ್ಲಿಯೂ ಕೂರಬಹುದು. ಶ್ವಾಸಕೋಶ, ಗಂಟಲು ಬಿಟ್ಟು ಬೇರೆಡೆಯ ಟಿಬಿ ಸಾಮಾನ್ಯವಾಗಿ ಇನ್ನೊಬ್ಬರಿಗೆ ಹರಡುವುದಿಲ್ಲ.

ಸಾಲು 2: ತೂಕ 46 ಕೆಜಿ. ಎತ್ತರ 168 ಸೆಂ.ಮೀ.

ಈ ತೂಕವನ್ನು ಎತ್ತರಕ್ಕೆ ಹೊಂದಿಸಿದರೆ ಬಿಎಂಐ 16.3. ಆರೋಗ್ಯವಂತರಿಗೆ ಕನಿಷ್ಠ 18.5 ಇರಬೇಕು. ಕಾಯಿಲೆಯಿಂದ ಸೊರಗಿದನೋ, ಸೊರಗಿದ್ದರಿಂದ ಕಾಯಿಲೆ ಬಂತೋ? ಎರಡೂ ನಿಜ. ಹೊಟ್ಟೆಗೆ ಸಾಲದವನ ಮೈಯಲ್ಲಿ ಕ್ರಿಮಿಯನ್ನು ತಡೆದು ಹಿಡಿಯುವ ಶಕ್ತಿ ಕುಂದುತ್ತದೆ. ಕ್ರಿಮಿ ಮೇಲುಗೈಯಾದ ಮೇಲೆ ಹಸಿವೂ ಸಾಯುತ್ತದೆ.

ಆಹಾರದ ಮಾತು ಟಿಬಿಯ ಚರಿತ್ರೆಯಲ್ಲಿ ಒಂದು ಸುತ್ತು ಹೊಡೆದು ಬಂದಿದೆ. ಔಷಧವಿಲ್ಲದ ಕಾಲದಲ್ಲಿ ಒಳ್ಳೆಯ ಗಾಳಿ, ವಿಶ್ರಾಂತಿ, ಪುಷ್ಟಿಯಾದ ಊಟವೇ ಚಿಕಿತ್ಸೆ. ಕ್ಷಯದಿಂದಲೇ ತೀರಿಕೊಂಡ ರಾಜಕುಮಾರಿ ಕೃಷ್ಣಾಜಮ್ಮಣ್ಣಿಯವರ ಹೆಸರಿನಲ್ಲಿ ಮೈಸೂರಿನಲ್ಲಿ ಎದ್ದ ಸ್ಯಾನಟೋರಿಯಂ ಆ ಕಾಲದ್ದು. 1956ರಲ್ಲಿ ಮದರಾಸಿನಲ್ಲಿ ಶುರುವಾದ ಪ್ರಯೋಗ ಈ ನಂಬಿಕೆಯನ್ನು ಅಲುಗಿಸಿತು. ಕೆಲವು ರೋಗಿಗಳು ಸ್ಯಾನಟೋರಿಯಂನಲ್ಲಿ, ಇನ್ನು ಕೆಲವರು ತಮ್ಮ ಬಡ ಮನೆಗಳಲ್ಲೇ ಒಂದೇ ಬಗೆಯ ಔಷಧಗಳನ್ನು ತೆಗೆದುಕೊಂಡರು. ಊಟದಲ್ಲಿ ಹಿಂದಿದ್ದರೂ ಮನೆಯವರು ಹೆಚ್ಚುಕಡಿಮೆ ಅಷ್ಟೇ ಗುಣ ಕಂಡರು. ಜಗತ್ತು ಆಸ್ಪತ್ರೆಯ ಮಂಚ ಬಿಟ್ಟು ಮನೆ ಚಿಕಿತ್ಸೆಗೆ ತಿರುಗಿದ್ದು ಆ ಫಲಿತಾಂಶದಿಂದ. ಅದರ ಜೊತೆಯಲ್ಲೇ ಊಟದ ಲೆಕ್ಕವೂ ಕಾರ್ಯಕ್ರಮದಿಂದ ಜಾರಿಹೋಯಿತು.

ಅದರ ಮಹತ್ವವನ್ನು ಮತ್ತೆ ತೋರಿಸಿದ ಅಧ್ಯಯನಕ್ಕೆ ಮಂಗಳೂರಿನ ನಂಟಿದೆ. ಯೆನೆಪೋಯ ವೈದ್ಯಕೀಯ ಕಾಲೇಜಿನ ಅನುರಾಗ್ ಭಾರ್ಗವ, ಮಾಧವಿ ಭಾರ್ಗವ ಮುಂದಾಳತ್ವದಲ್ಲಿ ಜಾರ್ಖಂಡ್‌ನ ನಾಲ್ಕು ಜಿಲ್ಲೆಗಳಲ್ಲಿ ‘ರೇಷನ್ಸ್’ ಪ್ರಯೋಗ ನಡೆಯಿತು. 2,800 ರೋಗಿಗಳಿಗೆ ತಿಂಗಳು ತಿಂಗಳೂ ಅಕ್ಕಿ, ಬೇಳೆ, ಹಾಲಿನ ಪುಡಿ, ಎಣ್ಣೆ ಕೊಟ್ಟರು. ಅವರಲ್ಲಿ ಒಂದು ಗುಂಪಿನ ಮನೆಯವರಿಗೂ ಅಕ್ಕಿ, ಬೇಳೆ ಹಂಚಿದರು. 2023ರಲ್ಲಿ ಬಂದ ಫಲಿತಾಂಶದ ಪ್ರಕಾರ, ಆಹಾರ ಪಡೆದ ಮನೆಯವರಲ್ಲಿ ಹೊಸದಾಗಿ ಟಿಬಿ ಬರುವುದು ನೂರಕ್ಕೆ ಸುಮಾರು ನಲವತ್ತರಷ್ಟು ಇಳಿಯಿತು. ಮದರಾಸು ಹೇಳಿದ್ದೂ ಸುಳ್ಳಲ್ಲ: ಕ್ರಿಮಿಯನ್ನು ಕೊಲ್ಲುವುದು ಮಾತ್ರೆ. ಆದರೆ ರೋಗಿ ಬದುಕಿ ಎದ್ದು ನಿಲ್ಲಲು, ಮನೆಯಲ್ಲಿ ಮುಂದಿನ ರೋಗಿ ಹುಟ್ಟದಿರಲು ಅನ್ನ ಬೇಕು.

ಸಾಲು 3: ಕಫ: ಟ್ರೂನಾಟ್‌ನಲ್ಲಿ ಟಿಬಿ ಕ್ರಿಮಿ ಪತ್ತೆ. ರಿಫಾಂಪಿಸಿನ್ ನಿರೋಧಕತೆ ಇಲ್ಲ.

ಒಂದು ಪುಟ್ಟ ಪ್ಲಾಸ್ಟಿಕ್ ಡಬ್ಬಿಯ ಮೇಲೆ ಇಡೀ ಚಿಕಿತ್ಸೆ ನಿಂತಿದೆ. ಬೆಳಿಗ್ಗೆ ಎದ್ದು ಬಾಯಿ ಮುಕ್ಕಳಿಸಿ, ಮನೆಯ ಹೊರಗೆ ಗಾಳಿ ಆಡುವ ಕಡೆ, ಜನರಿಂದ ದೂರ ನಿಲ್ಲಬೇಕು. ಎರಡು ಮೂರು ಸಲ ಎದೆ ತುಂಬ ಉಸಿರೆಳೆದುಕೊಂಡು, ಆಳದಿಂದ ಕೆಮ್ಮಿ ಬಂದದ್ದನ್ನು ಡಬ್ಬಿಗೆ ಬಿಟ್ಟು ಮುಚ್ಚಳ ಬಿಗಿಯಬೇಕು. ಗಟ್ಟಿಯಾಗಿ, ಅಂಟಂಟಾಗಿ ಇದ್ದರೆ ಅದು ಕಫ. ನೊರೆನೊರೆಯಾಗಿ ತೆಳ್ಳಗಿದ್ದರೆ ಬರೀ ಎಂಜಲು. ಅದನ್ನು ಪರೀಕ್ಷಿಸಿ ‘ಇಲ್ಲ’ ಎಂದು ಬಂದ ವರದಿಗೆ ಬೆಲೆಯಿಲ್ಲ. ಇದನ್ನು ಹೇಳಿಕೊಡಲು ಎರಡು ನಿಮಿಷ ಸಾಕು, ಆದರೆ ಗದ್ದಲದ ಆಸ್ಪತ್ರೆಯಲ್ಲಿ ಮೊದಲು ಬಿಟ್ಟುಹೋಗುವುದೂ ಆ ಎರಡು ನಿಮಿಷವೇ.

ರಾಬರ್ಟ್ ಕಾಖ್ ಬರ್ಲಿನ್ನಿನಲ್ಲಿ 1882ರ ಮಾರ್ಚ್ 24ರಂದು ಈ ಕ್ರಿಮಿಯನ್ನು ಜಗತ್ತಿಗೆ ತೋರಿಸಿದ ಮೇಲೆ, ನೂರು ವರ್ಷಕ್ಕೂ ಹೆಚ್ಚು ಕಾಲ ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡುವುದೇ ಮುಖ್ಯ ಪರೀಕ್ಷೆಯಾಗಿತ್ತು. ಒಂದು ಮಿಲಿಲೀಟರ್ ಕಫದಲ್ಲಿ ಸಾವಿರಗಟ್ಟಲೆ ಕ್ರಿಮಿಗಳಿದ್ದರಷ್ಟೇ ಅದರಲ್ಲಿ ಕಾಣುತ್ತವೆ. ಸಿಬಿನಾಟ್, ಟ್ರೂನಾಟ್ ಯಂತ್ರಗಳು ಕ್ರಿಮಿಯ ಡಿಎನ್ಎ ಹುಡುಕುವುದರಿಂದ ತೀರ ಕಡಿಮೆ ಇದ್ದರೂ ಹಿಡಿಯುತ್ತವೆ, ಅದೂ ಗಂಟೆಗಳ ಲೆಕ್ಕದಲ್ಲಿ. ಬ್ಯಾಟರಿಯಲ್ಲೂ ನಡೆಯುವ ಟ್ರೂನಾಟ್ ತಂತ್ರಜ್ಞಾನ ಬೆಳೆದದ್ದು ಬೆಂಗಳೂರಿನ ಬಿಗ್‌ಟೆಕ್ ಪ್ರಯೋಗಾಲಯದಲ್ಲಿ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಅದನ್ನು ಒಪ್ಪಿಕೊಂಡಿತು.

ಸಾಲಿನ ಎರಡನೇ ವಾಕ್ಯವನ್ನು ರೋಗಿ ಕೇಳಿ ತಿಳಿದುಕೊಳ್ಳಬೇಕು. ರಿಫಾಂಪಿಸಿನ್ ಈ ಚಿಕಿತ್ಸೆಯ ಬೆನ್ನೆಲುಬು. ಕ್ರಿಮಿ ಅದಕ್ಕೆ ಬಗ್ಗದಿದ್ದರೆ ಐದನೇ ಸಾಲಿನ ಮಾತ್ರೆಗಳು ಸಾಲುವುದಿಲ್ಲ, ಬೇರೆಯದೇ ಮದ್ದು ಬೇಕು. ಇನ್ನು, ರಕ್ತದಲ್ಲಿ ಪ್ರತಿಕಾಯ ನೋಡಿ ಟಿಬಿ ಇದೆ–ಇಲ್ಲ ಎನ್ನುವ ಪರೀಕ್ಷೆಗಳನ್ನು ಭಾರತ 2012ರಲ್ಲೇ ನಿಷೇಧಿಸಿದೆ. ಯಾರಾದರೂ ಅದನ್ನು ಬರೆದುಕೊಟ್ಟರೆ ದುಡ್ಡು ಉಳಿಸಿಕೊಂಡು ಕಫ ಕೊಟ್ಟು ಬನ್ನಿ.

ಸಾಲು 4: ಎಚ್‌ಐವಿ: ಇಲ್ಲ. ಊಟದ ನಂತರದ ಸಕ್ಕರೆ: 238.

ಟಿಬಿ ಬಂದ ಪ್ರತಿಯೊಬ್ಬರಿಗೂ ಈ ಎರಡು ಪರೀಕ್ಷೆ ಮಾಡುತ್ತಾರೆ. ಅನುಮಾನಪಟ್ಟು ಕೇಳಿದ್ದಾರೆ ಎಂದು ಮುಖ ಸಪ್ಪೆ ಮಾಡಿಕೊಳ್ಳಬೇಕಾಗಿಲ್ಲ. ಎಚ್‌ಐವಿ ಇದ್ದರೆ ಎರಡಕ್ಕೂ ಚಿಕಿತ್ಸೆ ನಡೆಯಬೇಕು. ಸಕ್ಕರೆ ಕಾಯಿಲೆ ಟಿಬಿಯ ಅಪಾಯವನ್ನು ಎರಡು ಮೂರು ಪಟ್ಟು ಹೆಚ್ಚಿಸುತ್ತದೆ. ಕಾಯಿಲೆಯ ಬಿಸಿಯಲ್ಲೂ ಸಕ್ಕರೆ ಏರುವುದುಂಟು, ಹಾಗಾಗಿ 238 ಎಂಬುದನ್ನು ಮತ್ತೊಮ್ಮೆ ನೋಡಿಯೇ ತೀರ್ಮಾನಿಸಬೇಕು. ಬೀಡಿ, ಕುಡಿತದ ಪ್ರಶ್ನೆಯೂ ಇಲ್ಲಿಯೇ ಬರುತ್ತದೆ. ಕುಡಿತ ಮತ್ತು ಟಿಬಿ ಮಾತ್ರೆ ಎರಡರ ಭಾರವೂ ಬೀಳುವುದು ಒಂದೇ ಯಕೃತ್ತಿನ ಮೇಲೆ.

ಸಾಲು 5: 2 ಎಚ್‌ಆರ್‌ಝಡ್‌ಇ / 4 ಎಚ್‌ಆರ್‌ಇ. ದಿನಕ್ಕೆ 3 ಮಾತ್ರೆ.

ಇದು ಇಡೀ ಕಾರ್ಡಿನ ಸೂತ್ರವಾಕ್ಯ. ಅಂಕಿಗಳು ತಿಂಗಳು, ಅಕ್ಷರಗಳು ಔಷಧ. ಎಚ್ ಐಸೋನಿಯಜಿಡ್, ಆರ್ ರಿಫಾಂಪಿಸಿನ್, ಝಡ್ ಪೈರಾಜಿನಮೈಡ್, ಇ ಇಥಾಂಬುಟಾಲ್. ಮೊದಲ ಎರಡು ತಿಂಗಳು ನಾಲ್ಕೂ ಔಷಧ. ಆಮೇಲಿನ ನಾಲ್ಕು ತಿಂಗಳು ಪೈರಾಜಿನಮೈಡ್ ಬಿಟ್ಟು ಮೂರು. ನಾಲ್ಕನ್ನೂ ಒಂದೇ ಮಾತ್ರೆಯಲ್ಲಿ 75, 150, 400, 275 ಮಿಲಿಗ್ರಾಂ ಪ್ರಮಾಣದಲ್ಲಿ ಸೇರಿಸಿರುತ್ತಾರೆ. 35ರಿಂದ 49 ಕೆಜಿ ತೂಗುವವರಿಗೆ ದಿನಕ್ಕೆ ಮೂರು, 50ರಿಂದ 64ರವರಿಗೆ ನಾಲ್ಕು. ಎರಡನೇ ಸಾಲಿನ 46 ಇಲ್ಲಿ ಕೆಲಸಕ್ಕೆ ಬಂತು. ಪಕ್ಕದ ಮನೆಯವರು ನಾಲ್ಕು ನುಂಗುತ್ತಾರೆಂದು ತಾನೂ ನಾಲ್ಕು ನುಂಗುವಂತಿಲ್ಲ. ಅಷ್ಟನ್ನೂ ಒಂದೇ ಸಲ, ಸಾಧ್ಯವಾದರೆ ಬರೀ ಹೊಟ್ಟೆಯಲ್ಲಿ ನುಂಗಬೇಕು. ವಾಕರಿಕೆ ತಡೆಯಲಾಗದಿದ್ದರೆ ವೈದ್ಯರನ್ನು ಕೇಳಿ ಸಮಯ ಬದಲಿಸಿಕೊಳ್ಳಬೇಕು. ಒಂದನ್ನು ಬೆಳಿಗ್ಗೆ, ಒಂದನ್ನು ರಾತ್ರಿ ಎಂದು ಹಂಚಿಕೊಂಡರೆ ರಕ್ತದಲ್ಲಿ ಔಷಧ ಬೇಕಾದ ಮಟ್ಟಕ್ಕೆ ಏರುವುದಿಲ್ಲ.

ಶಂಕೆ: ಒಂದೇ ಕ್ರಿಮಿಗೆ ನಾಲ್ಕು ಔಷಧ ಯಾಕೆ? ಸಮಾಧಾನ: ಎದೆಯೊಳಗಿನ ಕೋಟ್ಯಂತರ ಕ್ರಿಮಿಗಳಲ್ಲಿ, ಯಾವುದಾದರೂ ಒಂದು ಔಷಧಕ್ಕೆ ಬಗ್ಗದಂಥವು ಮೊದಲೇ ಕೆಲವು ಇರುತ್ತವೆ. ಒಂದೇ ಔಷಧ ಕೊಟ್ಟರೆ ಬಗ್ಗುವವು ಸತ್ತು, ಬಗ್ಗದವು ಬೆಳೆಯುತ್ತವೆ. 1940ರ ದಶಕದಲ್ಲಿ ಸ್ಟ್ರೆಪ್ಟೊಮೈಸಿನ್ ಒಂದನ್ನೇ ಕೊಟ್ಟಾಗ ಹೀಗೇ ಆಯಿತು: ರೋಗಿಗಳು ಚೇತರಿಸಿಕೊಂಡರು, ಆಮೇಲೆ ಹಲವರಲ್ಲಿ ಔಷಧ ಸೋತಿತು. ಎರಡು ಮೂರು ಔಷಧಗಳಿಗೆ ಒಟ್ಟಿಗೆ ಬಗ್ಗದ ಕ್ರಿಮಿ ತಾನಾಗಿ ಹುಟ್ಟುವುದು ತೀರ ಅಪರೂಪ.

ಶಂಕೆ: ಬೇರೆ ಸೋಂಕುಗಳಿಗೆ ಐದು ದಿನ ಸಾಕಾದರೆ, ಇದಕ್ಕೆ ಆರು ತಿಂಗಳು ಯಾಕೆ? ಸಮಾಧಾನ: ಎಷ್ಟೋ ಬ್ಯಾಕ್ಟೀರಿಯಾಗಳು ಅರ್ಧ ಗಂಟೆಯೊಳಗೆ ಇಮ್ಮಡಿಯಾಗುತ್ತವೆ. ಟಿಬಿ ಕ್ರಿಮಿಗೆ ಸುಮಾರು ಇಪ್ಪತ್ತು ಗಂಟೆ ಬೇಕು. ಬೆಳೆಯುತ್ತಿರುವ ಕ್ರಿಮಿಯನ್ನು ಔಷಧ ಬೇಗ ಕೊಲ್ಲುತ್ತದೆ, ಸುಮ್ಮನೆ ಬಿದ್ದುಕೊಂಡಿರುವುದನ್ನು ನಿಧಾನವಾಗಿ. ಗದ್ದೆಯ ಜೇಕಿನ ಹಾಗೆ: ಮೇಲಿನ ಹುಲ್ಲು ಕಿತ್ತು ಹೊಲ ಚೊಕ್ಕಟವಾಗಿ ಕಂಡರೂ ಗೆಡ್ಡೆ ನೆಲದೊಳಗೆ ಉಳಿದಿರುತ್ತದೆ. ಮೊದಲ ಎರಡು ತಿಂಗಳು ಹುಲ್ಲಿಗೆ, ಮುಂದಿನ ನಾಲ್ಕು ಗೆಡ್ಡೆಗೆ.

2017ರವರೆಗೆ ಸರ್ಕಾರಿ ಚಿಕಿತ್ಸೆಯಲ್ಲಿ ವಾರಕ್ಕೆ ಮೂರು ದಿನ ಮಾತ್ರೆ ಇರುತ್ತಿತ್ತು. ಈಗ ಪ್ರತಿದಿನ. ಹಿಂದೆ ಚಿಕಿತ್ಸೆ ಪಡೆದ ಹಿರಿಯರು ‘ದಿನ ಬಿಟ್ಟು ದಿನ ಸಾಕು’ ಎಂದರೆ ಅದು ಹಳೆಯ ನಿಯಮ ಎಂದು ತಿಳಿಯಿರಿ. ರೋಗಿಗೆ ಒಂದು ದಿನವೂ ತಪ್ಪಿಸಬೇಡ ಎನ್ನುವವರು, ಕೇಂದ್ರದಲ್ಲಿ ಮಾತ್ರೆ ಒಂದು ದಿನವೂ ಖಾಲಿಯಾಗದಂತೆ ನೋಡಿಕೊಳ್ಳಬೇಕು. ಅದು ಸರ್ಕಾರದ ಪಾಲಿನ ಪಥ್ಯ.

ರಿಫಾಂಪಿಸಿನ್, ಐಸೋನಿಯಜಿಡ್ ಎರಡಕ್ಕೂ ಬಗ್ಗದ ಟಿಬಿಗೆ ಹಿಂದೆ ಒಂದೂವರೆ ಎರಡು ವರ್ಷ ಚಿಕಿತ್ಸೆ, ಜೊತೆಗೆ ಕಿವಿ ಕೆಡಿಸುವ ಚುಚ್ಚುಮದ್ದು. 2024ರಲ್ಲಿ ಭಾರತ ಒಪ್ಪಿದ ಬೆಡಾಕ್ವಿಲಿನ್, ಪ್ರೆಟೊಮನಿಡ್, ಲಿನೆಝೋಲಿಡ್, ಮಾಕ್ಸಿಫ್ಲಾಕ್ಸಸಿನ್ ಕೂಟದಿಂದ ಅರ್ಹ ರೋಗಿಗಳಿಗೆ ಅದೂ ಆರು ತಿಂಗಳ ಆಸುಪಾಸಿಗೆ ಇಳಿದಿದೆ, ಬರೀ ಮಾತ್ರೆಗಳಲ್ಲೇ.

ಸಾಲು 6: ಮೂತ್ರ ಕೇಸರಿ ಬಣ್ಣ: ಹೆದರಬೇಡಿ. ಕಣ್ಣು ಹಳದಿ: ಅಂದೇ ಬನ್ನಿ.

ಮೊದಲನೆಯದು ರಿಫಾಂಪಿಸಿನ್‌ನ ಬಣ್ಣ, ತೊಂದರೆಯಿಲ್ಲ. ಎರಡನೆಯದು ಯಕೃತ್ತಿನ ಕೂಗು. ಕಣ್ಣು ಹಳದಿಯಾದರೆ, ನಿಲ್ಲದ ವಾಂತಿಯಾದರೆ ಮುಂದಿನ ಮಾತ್ರೆ ನುಂಗುವ ಮೊದಲು ವೈದ್ಯರನ್ನು ಕಾಣಬೇಕು. ಕೈಕಾಲು ಜೋಮು ಐಸೋನಿಯಜಿಡ್‌ನದು. ಬಿ6 ವಿಟಮಿನ್ ಕೊಡುತ್ತಾರೆ. ಕೀಲುನೋವು ಪೈರಾಜಿನಮೈಡ್‌ನದು. ಕಣ್ಣು ಮಂಜಾದರೆ, ಕೆಂಪು–ಹಸಿರು ಗುರುತು ಸಿಗದಿದ್ದರೆ ಇಥಾಂಬುಟಾಲ್ ಮೇಲೆ ಅನುಮಾನ, ತಡ ಮಾಡುವಂತಿಲ್ಲ. ಹೆಣ್ಣುಮಕ್ಕಳಿಗೆ ಹೇಳದೆ ಬಿಡುವ ಮಾತೊಂದಿದೆ: ರಿಫಾಂಪಿಸಿನ್ ಇರುವಾಗ ಗರ್ಭನಿರೋಧಕ ಗುಳಿಗೆಯನ್ನು ನೆಚ್ಚುವಂತಿಲ್ಲ, ಬೇರೆ ದಾರಿ ಕೇಳಿಕೊಳ್ಳಬೇಕು.

ಸಾಲು 7: ನಿಕ್ಷಯ್ ನೋಂದಣಿ ಆಯಿತು. ಬ್ಯಾಂಕ್ ಪಾಸ್‌ಬುಕ್ ತರಬೇಕು.

ನಿಕ್ಷಯ್ ಎಂದರೆ ಟಿಬಿ ರೋಗಿಗಳ ಸರ್ಕಾರಿ ದಾಖಲೆ ವ್ಯವಸ್ಥೆ. 2012ರಿಂದ ಪ್ರತಿ ಟಿಬಿ ರೋಗಿಯ ಮಾಹಿತಿಯನ್ನು ಸರ್ಕಾರಕ್ಕೆ ಕೊಡುವುದು ಕಡ್ಡಾಯ, ಖಾಸಗಿ ವೈದ್ಯರಿಗೂ. ನೋಂದಣಿಯೆಂದರೆ ಹೆಸರನ್ನು ಊರಿಗೆ ಸಾರುವುದಲ್ಲ. ಅದರಿಂದ ರೋಗಿಗೆ ಎರಡು ಲಾಭ. ಒಂದು, ಕೆಲಸ ಹುಡುಕಿ ಬೇರೆ ಜಿಲ್ಲೆಗೆ, ಬೇರೆ ರಾಜ್ಯಕ್ಕೆ ಹೋದರೂ ಅದೇ ನಿಕ್ಷಯ್ ಸಂಖ್ಯೆಯಿಂದ ಅಲ್ಲಿ ಚಿಕಿತ್ಸೆ ಮುಂದುವರಿಸಬಹುದು. ಎರಡು, ಪೌಷ್ಟಿಕ ಆಹಾರಕ್ಕೆ ಹಣ: 2018ರ ಏಪ್ರಿಲ್‌ನಿಂದ ತಿಂಗಳಿಗೆ 500 ರೂಪಾಯಿ ಇದ್ದದ್ದು 2024ರ ನವೆಂಬರ್‌ನಿಂದ 1,000 ಆಗಿದೆ. ಕೂಲಿ ತಪ್ಪಿದ ಮನೆಗೆ ಅದು ಸಾಲದು. ಪಾಸ್‌ಬುಕ್ಕಿನಲ್ಲಿ ಒಂದು ಅಕ್ಷರ ಹೆಚ್ಚುಕಡಿಮೆಯಾಗಿ ಅದೂ ನಿಂತುಬಿಟ್ಟರೆ ಎರಡನೇ ಸಾಲಿನ 46 ಅಲ್ಲೇ ಉಳಿಯುತ್ತದೆ.

ಸಾಲು 8: ಮನೆಯಲ್ಲಿ 5 ಜನ. 5 ವರ್ಷದೊಳಗಿನ ಮಗು 1.

ಈ ಸಾಲು ಓದಿದ ಮನೆಯವರು ಮೊದಲು ಮಾಡುವ ಕೆಲಸ ತಟ್ಟೆ ಲೋಟ ಬೇರೆ ಇಡುವುದು. ಅದರಿಂದ ಏನೂ ಆಗುವುದಿಲ್ಲ, ರೋಗಿಯ ಮನಸ್ಸು ಮುರಿಯುವುದೊಂದು ಬಿಟ್ಟು. ಟಿಬಿ ಹರಡುವುದು ಗಾಳಿಯಿಂದ. ಕೆಮ್ಮಿದಾಗ, ಮಾತಾಡಿದಾಗ ಹೊರಟ ಸೂಕ್ಷ್ಮ ಹನಿಗಳು ಮುಚ್ಚಿದ ಕೋಣೆಯಲ್ಲಿ ಗಂಟೆಗಟ್ಟಲೆ ತೇಲುತ್ತವೆ. ಥಂಡಿ ಹೊಡೆಯುತ್ತದೆಂದು ಕಿಟಕಿ ಮುಚ್ಚಿ, ಸಂದಿಗೆ ಬಟ್ಟೆ ತುರುಕುವ ನಮ್ಮ ಅಕ್ಕರೆ ಇಲ್ಲಿ ತಿರುಗುಬಾಣ. ಕಿಟಕಿ ತೆರೆಯಿರಿ, ರೋಗಿಗೆ ಮಾಸ್ಕ್ ಕೊಡಿ, ಮೊದಲ ಕೆಲವು ವಾರ ಬೇರೆ ಮಲಗಿಸಿ. ಔಷಧ ಹಿಡಿಯುತ್ತಿದ್ದಂತೆ ಹರಡುವ ಶಕ್ತಿ ಬೇಗ ಕುಸಿಯುತ್ತದೆ. ನಿಜ ಹೇಳಬೇಕೆಂದರೆ ಮನೆಯವರಿಗೆ ಹೆಚ್ಚಿನ ಅಪಾಯ ಇದ್ದದ್ದು ಪತ್ತೆಯಾಗುವ ಮೊದಲಿನ ಆ ಏಳು ವಾರದಲ್ಲಿ. ಮದರಾಸಿನ ಪ್ರಯೋಗದಲ್ಲೂ ಮನೆಯಲ್ಲೇ ಚಿಕಿತ್ಸೆ ಪಡೆದವರ ಕುಟುಂಬಗಳಲ್ಲಿ ಕಾಯಿಲೆ ಹೆಚ್ಚಾಗಿ ಕಾಣಲಿಲ್ಲ.

ಕ್ರಿಮಿ ಒಳಹೊಕ್ಕವರೆಲ್ಲ ರೋಗಿಗಳಾಗುವುದಿಲ್ಲ. ನೂರರಲ್ಲಿ ಐದರಿಂದ ಹತ್ತು ಮಂದಿಗೆ ಜೀವಮಾನದಲ್ಲಿ ಎಂದಾದರೂ ಕಾಯಿಲೆ ಬರಬಹುದು. ಎಳೆಯ ಮಕ್ಕಳಲ್ಲಿ ಈ ಅಪಾಯ ಹೆಚ್ಚು, ಬರುವುದೂ ಬೇಗ. ಆದ್ದರಿಂದ ಐವರನ್ನೂ ಪರೀಕ್ಷಿಸಬೇಕು. ಟಿಬಿ ಇಲ್ಲವೆಂದು ಖಚಿತವಾದವರಿಗೆ ಮುಂಜಾಗ್ರತೆಯ ಚಿಕಿತ್ಸೆ ಇದೆ: ಪ್ರತಿದಿನ ಐಸೋನಿಯಜಿಡ್ ಆರು ತಿಂಗಳು, ಅಥವಾ ಐಸೋನಿಯಜಿಡ್ ಜೊತೆ ರಿಫಾಪೆಂಟಿನ್ ವಾರಕ್ಕೊಮ್ಮೆ 12 ವಾರ. ಯಾರಿಗೆ ಯಾವುದು ಎಂಬುದನ್ನು ವಯಸ್ಸು, ತೂಕ ನೋಡಿ ವೈದ್ಯರು ಹೇಳುತ್ತಾರೆ. ‘ಮಗು ಆಡಿಕೊಂಡಿದೆ, ಮದ್ದು ಯಾಕೆ’ ಎಂದು ಅಜ್ಜಿ ಅಡ್ಡಬಂದರೆ ಈ ಸಾಲನ್ನು ಓದಿ ಹೇಳಿ.

ಶಂಕೆ: ಹುಟ್ಟಿದಾಗ ಬಿಸಿಜಿ ಹಾಕಿಸಿದೆಯಲ್ಲ? ಸಮಾಧಾನ: ಬಿಸಿಜಿ ಎಳೆಯ ಮಕ್ಕಳನ್ನು ಮೆದುಳಿನ ಟಿಬಿ ಮತ್ತು ಮೈಯೆಲ್ಲ ಹರಡುವ ಟಿಬಿಯಿಂದ ಕಾಯುತ್ತದೆ, ಹಾಗಾಗಿ ಹಾಕಿಸಲೇಬೇಕು. ದೊಡ್ಡವರ ಶ್ವಾಸಕೋಶದ ಟಿಬಿಗೆ ಅದನ್ನು ನಂಬಿ ಕೂರುವಂತಿಲ್ಲ ಎಂಬುದನ್ನು 1968ರಲ್ಲಿ ತಮಿಳುನಾಡಿನ ಚೆಂಗಲ್ಪಟ್ಟಿನಲ್ಲಿ ಶುರುವಾದ ದೊಡ್ಡ ಪ್ರಯೋಗ ತೋರಿಸಿತು.

ಸಾಲು 9: 2 ತಿಂಗಳ ಕೊನೆ: ಕಫದಲ್ಲಿ ಕ್ರಿಮಿ ಕಾಣಲಿಲ್ಲ. ತೂಕ 49.

ಇಲ್ಲಿ ಟ್ರೂನಾಟ್ ಬಿಟ್ಟು ಹಳೆಯ ಸೂಕ್ಷ್ಮದರ್ಶಕಕ್ಕೆ ಮರಳುತ್ತಾರೆ. ಸತ್ತ ಕ್ರಿಮಿಯ ಡಿಎನ್ಎ ಕೂಡ ಯಂತ್ರಕ್ಕೆ ಸಿಗುವುದರಿಂದ, ಚಿಕಿತ್ಸೆ ಹೇಗೆ ಸಾಗಿದೆ ಎಂದು ತಿಳಿಯಲು ಅದು ಒಗ್ಗದು. ಕ್ರಿಮಿ ಇನ್ನೂ ಕಂಡರೆ ಔಷಧ ನಿರೋಧಕತೆಯನ್ನು ಮತ್ತೆ ಹುಡುಕಬೇಕು. ತೂಕ ಮೂರು ಕೆಜಿ ಏರಿದ್ದನ್ನು ಸಣ್ಣದೆಂದು ಕಡೆಗಣಿಸಬೇಡಿ. ರೇಷನ್ಸ್ ಅಧ್ಯಯನದಲ್ಲಿ ಮೊದಲ ಎರಡು ತಿಂಗಳಲ್ಲಿ ನೂರಕ್ಕೆ ಐದರಷ್ಟು ತೂಕ ಏರಿದವರಲ್ಲಿ ಸಾವಿನ ಅಪಾಯ ಬಹಳ ಕಡಿಮೆಯಿತ್ತು. ಈತನದು ಆರೂವರೆ.

ಕಾರ್ಡಿನಲ್ಲಿ ಎಲ್ಲಕ್ಕಿಂತ ಅಪಾಯದ ಸಾಲೂ ಇದೇ. ಕೆಮ್ಮು ನಿಂತಿದೆ, ಊಟ ಸೇರುತ್ತಿದೆ, ಮೇಸ್ತ್ರಿ ಕೆಲಸಕ್ಕೆ ಕರೆಯುತ್ತಿದ್ದಾನೆ. ಮಾತ್ರೆಯ ಪಟ್ಟಿ ಹರಿದಾಗೆಲ್ಲ ‘ಇನ್ನೂ ಯಾಕೆ’ ಎಂಬ ಪ್ರಶ್ನೆ. ಬಿಟ್ಟವರಲ್ಲಿ ಬಹಳ ಮಂದಿ ಬಿಡುವುದು ಹುಷಾರಿಲ್ಲದಾಗಲ್ಲ, ಹುಷಾರಾದಾಗ. ಆಶಾ ಕಾರ್ಯಕರ್ತೆ ಮನೆಗೆ ಹೆಚ್ಚಾಗಿ ಬರಬೇಕಾದದ್ದು ಈಗ. ಮಾತ್ರೆ ಏಳು ದಿನದ ಲೆಕ್ಕದಲ್ಲೋ ತಿಂಗಳ ಲೆಕ್ಕದಲ್ಲೋ, ಅವನ ಕೆಲಸದ ವೇಳೆಗೆ ಹೊಂದುವಂತೆ ಸಿಗಬೇಕಾದದ್ದೂ ಈಗ.

ಸಾಲು 10: ಫಲಿತಾಂಶ: ಗುಣ. ತಪಾಸಣೆ 6, 12, 18, 24ನೇ ತಿಂಗಳು.

ಮಾತ್ರೆ ಮುಗಿಸಿದ್ದಷ್ಟಕ್ಕೇ ‘ಗುಣ’ ಎಂದು ಬರೆಯುವುದಿಲ್ಲ. ಶುರುವಿನಲ್ಲಿ ಕಫದಲ್ಲಿ ಕ್ರಿಮಿ ಇದ್ದವರಿಗೆ ಕೊನೆಯ ಪರೀಕ್ಷೆಯಲ್ಲೂ ಅದು ಇಲ್ಲವಾಗಿರಬೇಕು. ಪರೀಕ್ಷೆ ಆಗದಿದ್ದರೆ ‘ಚಿಕಿತ್ಸೆ ಪೂರ್ಣ’ ಎಂದಷ್ಟೇ ಬರೆಯುತ್ತಾರೆ. ಆದ್ದರಿಂದ ಹುಷಾರಾದೆನೆಂದು ಕೊನೆಯ ಕಫ ಪರೀಕ್ಷೆ ತಪ್ಪಿಸಬೇಡಿ. ಮರುಕಳಿಕೆ ಹೆಚ್ಚಾಗಿ ಮೊದಲ ಎರಡು ವರ್ಷದಲ್ಲೇ ಆಗುವುದರಿಂದ ಆರು ತಿಂಗಳಿಗೊಮ್ಮೆ ತಪಾಸಣೆ. ಕ್ರಿಮಿ ಹೋದರೂ ಶ್ವಾಸಕೋಶದಲ್ಲಿ ಕಲೆ ಉಳಿದು ಕೆಲವರಿಗೆ ಏದುಸಿರು ಕಾಡುತ್ತದೆ. ಅದಕ್ಕೆ ಬೇರೆ ಆರೈಕೆ ಬೇಕು, ಮತ್ತೆ ಟಿಬಿ ಮಾತ್ರೆ ಅಲ್ಲ. ಈ ಮಧ್ಯೆ ಎರಡು ವಾರ ದಾಟಿದ ಕೆಮ್ಮು ಬಂದರೆ ಕಫ ಕೊಡುವಾಗ ಈ ಕಾರ್ಡನ್ನೂ ತೋರಿಸಿ: ಯಾವ ಔಷಧ, ಎಷ್ಟು ತಿಂಗಳು, ನಡುವೆ ತಪ್ಪಿದ್ದೆಷ್ಟು ಎಂಬುದು ಗೊತ್ತಾದರೆ ಈ ಸಲ ಯಾವ ನಿರೋಧಕತೆಯನ್ನು ಹುಡುಕಬೇಕೆಂದು ವೈದ್ಯರಿಗೆ ತಿಳಿಯುತ್ತದೆ. ಕಾರ್ಡು ಕಳೆದಿದ್ದರೆ ನಿಕ್ಷಯ್ ಸಂಖ್ಯೆ ಹೇಳಿ, ಅದೂ ನೆನಪಿಲ್ಲದಿದ್ದರೆ 1800-11-6666ಕ್ಕೆ ಕರೆ ಮಾಡಿ ಕೇಳಿ. ಆ ಕರೆಗೆ ದುಡ್ಡಿಲ್ಲ.